‘ಡಿಸೈಫರ್’ ಮಾಡುವುದಲ್ಲ, ಬಿಡಿಸಿ ಓದುವುದು!

(ಬೆಂಗಳೂರು, ಮೈಸೂರುಗಳಿಂದ ಬಂದ ಕನ್ನಡ ಯುವಕ ಯುವತಿಯರಿಗಾಗಿ ಚೆಟ್ಟಳ್ಳಿಯಲ್ಲಿ ನಡೆದ ಎರಡು ದಿನಗಳ ಶಿಬಿರದಲ್ಲಿ ಸ್ಥಳೀಯ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹರೂಪ.)



ನಾನು ಭಾಷಣಕಾರನಲ್ಲ. ಓದಿದ್ದು ಪಿ.ಯು.ಸಿ. ಅಷ್ಟೆ. ಅಪ್ಪನ ಪ್ರೆಸ್ಸಿಗೆ 1996ರಲ್ಲಿ ಕಾಲಿಟ್ಟವನು ಇವತ್ತಿನವರೆಗೂ ಹೊರಗೆ ಬಂದಿಲ್ಲ. ಮದುವೆ ಕಾಗದ, ಬಿಲ್ ಪುಸ್ತಕ, ತಿಥಿಯ ಕಾರ್ಡು, ಹಾಕಿ ಪಂದ್ಯದ ಪಾಂಪ್ಲೆಟ್ಟು, ಇದೇ ನನ್ನ ಸಾಹಿತ್ಯ. ಹೀಗಿದ್ದೂ ಶಿಬಿರದವರು ‘ಕನ್ನಡದ ಒಂದು ಪದದ ಬಗ್ಗೆ ಅರ್ಧ ಗಂಟೆ ಮಾತಾಡಿ’ ಎಂದಾಗ ಒಪ್ಪಿಕೊಂಡೆ. ಯಾಕೆಂದರೆ ಹೋದ ವರ್ಷದಿಂದ ಒಂದು ಪದ ನನ್ನ ತಲೆ ತಿನ್ನುತ್ತಿದೆ. ಅದನ್ನು ನಿಮ್ಮ ತಲೆಗೆ ದಾಟಿಸಿ ಹಗುರಾಗೋಣ ಎಂದು ಬಂದಿದ್ದೇನೆ.

ನಡೆದದ್ದು ಇಷ್ಟು. ಹೋದ ವರ್ಷ ಮಳೆಗಾಲದಲ್ಲಿ ಬೆಂಗಳೂರಿನ ಒಬ್ಬ ಹುಡುಗ ನನ್ನ ಪ್ರೆಸ್ಸಿಗೆ ಬಂದ. ಒಳ್ಳೆಯ ಹುಡುಗ. ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ನೂಲಿನಲ್ಲಿ ಕಟ್ಟಿದ ಹಳೇ ಇನ್‌ಲ್ಯಾಂಡ್ ಲೆಟರುಗಳ ಕಟ್ಟು. ಅವನ ಅಜ್ಜ 1960ರ ದಶಕದಲ್ಲಿ ಈ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರಂತೆ. ಅಜ್ಜಿ ಹಾಸನದ ಕಡೆಯ ಹಳ್ಳಿಯಲ್ಲಿ. ಅಜ್ಜ ಅಜ್ಜಿಗೆ ಬರೆದ ಕಾಗದಗಳು ಅವು. ಅಜ್ಜಿ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಸಿಕ್ಕಿದ್ದವು. ಅಜ್ಜ ಕೆಲಸ ಮಾಡಿದ ಊರನ್ನು ನೋಡಿ ಹೋಗಲು ಬಂದವನು ನನ್ನ ಬೋರ್ಡು ಕಂಡು ಒಳಗೆ ಬಂದಿದ್ದ.

‘ಅಂಕಲ್, ಇದನ್ನು ಡಿಸೈಫರ್ ಮಾಡಿಕೊಡ್ತೀರಾ?’ ಅಂದ.

ನಾನು ಕನ್ನಡಕ ಏರಿಸಿ ನೋಡಿದೆ. ಯಾವುದೋ ಗುಪ್ತಲಿಪಿ ಇರಬೇಕು, ಮೋಡಿ ಇರಬೇಕು ಎಂದುಕೊಂಡರೆ ಅಪ್ಪಟ ಕನ್ನಡ! ಸ್ವಲ್ಪ ಓಡುಬರಹ, ಶಾಯಿ ಮಾಸಿದೆ, ಅಷ್ಟೆ.

‘ಇದು ಕನ್ನಡ ಮಾರಾಯ’ ಅಂದೆ.

ಅವನು ನಗಲಿಲ್ಲ. ‘ಗೊತ್ತು ಅಂಕಲ್. ಅದಕ್ಕೇ ಕೇಳ್ತಿರೋದು’ ಅಂದ.

ಗೆಳೆಯರೆ, ಎದೆಗೆ ಗುದ್ದಿದ ಹಾಗಾಯಿತು. ಅಜ್ಜ ಅಜ್ಜಿಗೆ ಬರೆದ ಕನ್ನಡ ಕಾಗದ ಮೊಮ್ಮಗನಿಗೆ ಶತ್ರು ಸೈನ್ಯದ ರಹಸ್ಯ ಸಂದೇಶವಾಗಿ ಹೋಗಿದೆ! ಅದನ್ನು ಓದುವ ಕೆಲಸಕ್ಕೆ ಅವನ ಬಾಯಲ್ಲಿದ್ದ ಪದವೂ ಕನ್ನಡದ್ದಲ್ಲ. ಅವತ್ತು ರಾತ್ರಿ ಆ ‘ಡಿಸೈಫರ್’ ಎಂಬ ಪದದ ಬೆನ್ನು ಹತ್ತಿದೆ. ಎಲ್ಲಿಗೆ ಹೋಗಿ ನಿಂತೆ ಗೊತ್ತೆ? ತಿರುಗಿ ನಮ್ಮ ಮನೆ ಬಾಗಿಲಿಗೇ!

ಕೇಳಿ. ‘ಡಿ’ ಎಂದರೆ ತೆಗೆ, ಬಿಚ್ಚು. ‘ಸೈಫರ್’ ಎಂದರೆ? ನಮ್ಮ ಹಿರಿಯರು ಪರೀಕ್ಷೆಯಲ್ಲಿ ‘ಸೈಫರ್ ಬಂತು’ ಅನ್ನುತ್ತಿದ್ದರಲ್ಲ, ಅದೇ ಸೈಫರ್. ಸೊನ್ನೆ! ಗುಟ್ಟಿನ ಬರಹವನ್ನು ಓದುವ ಆ ದೊಡ್ಡ ಇಂಗ್ಲಿಷ್ ಪದದ ಹೊಟ್ಟೆಯೊಳಗೆ ಕೂತಿರುವುದು ಒಂದು ಸೊನ್ನೆ.

ಸೊನ್ನೆ ಅಲ್ಲಿಗೆ ಹೋದದ್ದು ಹೇಗೆ? ಸೊನ್ನೆಯನ್ನು ಒಂದು ಸಂಖ್ಯೆ ಎಂದೇ ಹಿಡಿದು, ಅದನ್ನು ಕೂಡುವುದು ಕಳೆಯುವುದಕ್ಕೆ ನಿಯಮ ಬರೆದವನು ಬ್ರಹ್ಮಗುಪ್ತ, ಕ್ರಿ.ಶ. 628ರಲ್ಲಿ. ಅವನು ಅದನ್ನು ಕರೆದದ್ದು ‘ಶೂನ್ಯ’ ಎಂದು. ಅಂದರೆ ಬರಿದು, ಖಾಲಿ. ಈ ಲೆಕ್ಕ ಬಾಗ್ದಾದಿಗೆ ಹೋದಾಗ ಅರಬರು ಪದವನ್ನು ಎರವಲು ತೆಗೆದುಕೊಳ್ಳಲಿಲ್ಲ. ಅದರ ಅರ್ಥವನ್ನು ತೆಗೆದುಕೊಂಡರು. ಖಾಲಿ ಎನ್ನುವುದಕ್ಕೆ ತಮ್ಮ ಭಾಷೆಯಲ್ಲಿ ಏನಿದೆಯೋ ಅದನ್ನೇ ಇಟ್ಟರು: ‘ಸಿಫ್ರ್’. ಗಮನಿಸಿ, ಹೊಸ ವಿದ್ಯೆ ಬಂದಾಗ ಸ್ವಾಭಿಮಾನಿ ಭಾಷೆ ಮಾಡುವ ಕೆಲಸ ಇದು.

ಅಲ್ಲಿಂದ ಯೂರೋಪು. 1202ರಲ್ಲಿ ಇಟಲಿಯ ಫಿಬೊನಾಚಿ ಲೆಕ್ಕದ ಪುಸ್ತಕ ಬರೆದು ಅದನ್ನು ಲ್ಯಾಟಿನ್‌ನಲ್ಲಿ ‘ಜೆಫಿರಮ್’ ಎಂದ. ಅದು ಸವೆದು ಸವೆದು ‘ಜೀರೋ’ ಆಯಿತು. ಅದೇ ಸಿಫ್ರ್ ಇನ್ನೊಂದು ದಾರಿಯಲ್ಲಿ ‘ಸಿಫ್ರಾ’ ಆಗಿ, ಫ್ರೆಂಚರ ಬಾಯಲ್ಲಿ ತಿರುಗಿ, ಇಂಗ್ಲಿಷಿಗೆ ‘ಸೈಫರ್’ ಆಗಿ ಬಂತು. ಅಂದರೆ ಜೀರೋ, ಸೈಫರ್ ಎರಡೂ ಒಂದೇ ತಾಯಿಯ ಮಕ್ಕಳು!

ಯೂರೋಪಿನವರಿಗೆ ಮೊದಲು ಈ ಸೊನ್ನೆಯ ಮೇಲೆ ನಂಬಿಕೆ ಇರಲಿಲ್ಲ. ತಾನೊಂದೇ ನಿಂತರೆ ಬೆಲೆಯಿಲ್ಲ, ಪಕ್ಕದಲ್ಲಿ ನಿಂತರೆ ಒಂದನ್ನು ಹತ್ತು ಮಾಡುತ್ತದೆ, ಇದೆಂಥ ಮಾಯೆ ಎಂದು ಹೆದರಿದರು. 1299ರಲ್ಲಿ ಫ್ಲಾರೆನ್ಸ್ ನಗರದ ಹಣ ವಿನಿಮಯಗಾರರ ಸಂಘ, ಲೆಕ್ಕದ ಪುಸ್ತಕದಲ್ಲಿ ಈ ಹೊಸ ಅಂಕಿಗಳನ್ನು ಬರೆಯಕೂಡದೆಂದು ಕಟ್ಟು ಮಾಡಿತು. ಮೊದಲು ಸೊನ್ನೆಗಷ್ಟೇ ಇದ್ದ ‘ಸೈಫರ್’ ಎಂಬ ಹೆಸರು ಆಮೇಲೆ ಎಲ್ಲ ಅಂಕಿಗಳಿಗೂ ಹಬ್ಬಿತು. ರಾಜರು, ರಾಯಭಾರಿಗಳು ಅಕ್ಷರದ ಬದಲು ಅಂಕಿ, ಗುರುತುಗಳನ್ನಿಟ್ಟು ಗುಟ್ಟಿನ ಕಾಗದ ಬರೆಯತೊಡಗಿದಾಗ ಆ ಬರಹಕ್ಕೇ ‘ಸೈಫರ್’ ಎಂದರು. 16ನೇ ಶತಮಾನದಲ್ಲಿ ಅದನ್ನು ಬಿಚ್ಚಿ ಓದುವುದಕ್ಕೆ ‘ಡಿಸೈಫರ್’ ಎಂದರು. ಇಷ್ಟೇ ಕಥೆ.

ಈಗ ನಮ್ಮ ಕಡೆ ಬನ್ನಿ. ಅದೇ ‘ಶೂನ್ಯ’ವನ್ನು ಕನ್ನಡಿಗ ಏನು ಮಾಡಿದ? ಪ್ರಾಕೃತದ ದಾರಿಯಲ್ಲಿ ಬಂದದ್ದನ್ನು ತನ್ನ ನಾಲಿಗೆಗೆ ಒಗ್ಗಿಸಿ ‘ಸೊನ್ನೆ’ ಮಾಡಿಕೊಂಡ. ಅಂಕಿಗೆ ಮಾತ್ರವಲ್ಲ, ಅಕ್ಷರಕ್ಕೂ ಇಟ್ಟುಕೊಂಡ. ‘ಅಂ’ ಬರೆಯುವಾಗ ಪಕ್ಕದಲ್ಲಿ ಇಡುವ ಆ ದುಂಡಗಿನ ಅನುಸ್ವಾರಕ್ಕೂ ನಮ್ಮಲ್ಲಿ ಸೊನ್ನೆ ಎಂದೇ ಹೆಸರು. ಅಂಕಿಯ ಮನೆಯಲ್ಲೂ ಅಕ್ಷರದ ಮನೆಯಲ್ಲೂ ಒಂದೇ ಹೆಸರಿನಿಂದ ಓಡಾಡಿಕೊಂಡಿರುವ ಇಂಥ ಜೀವಿ ಇಂಗ್ಲಿಷಿನಲ್ಲಿ ಉಂಟೆ? ಹನ್ನೆರಡನೇ ಶತಮಾನದ ಶರಣರ ಮಾತುಗಳನ್ನು ಹದಿನೈದನೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯ ಕೂಡಿಸಿ ಕಟ್ಟಿದ ಗ್ರಂಥಕ್ಕೆ ‘ಶೂನ್ಯಸಂಪಾದನೆ’ ಎಂದು ಹೆಸರಿಟ್ಟ. ಅವರು ಸೊನ್ನೆಗೆ ಹೆದರಿದರು, ನಾವು ಸೊನ್ನೆಯನ್ನೇ ಸಂಪಾದನೆ ಎಂದೆವು!

ಇದನ್ನು ಹೇಳಿ ಮೀಸೆ ತಿರುವಲು ನಾನು ಬಂದಿಲ್ಲ. ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದು ಕೂಗಿ ಮನೆಗೆ ಹೋಗಿ ಮಲಗುವುದು ಸುಲಭ. ಗುಟ್ಟಿನ ಬರಹವನ್ನು ಬಿಡಿಸುವ ವಿದ್ಯೆಗೆ ಶಾಸ್ತ್ರ ಬರೆದವರಲ್ಲಿ ಮೊದಲಿಗ ಬಾಗ್ದಾದಿನ ಅಲ್ ಕಿಂದಿ. ಒಂಬತ್ತನೇ ಶತಮಾನದವನು. ಇಲ್ಲಿ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟುತ್ತಿದ್ದ ಕಾಲ. ಅಲ್ ಕಿಂದಿಯ ಉಪಾಯ ಬಹಳ ಸರಳ. ಯಾವುದೇ ಭಾಷೆಯಲ್ಲಿ ಕೆಲವು ಅಕ್ಷರಗಳು ಹೆಚ್ಚು ಬರುತ್ತವೆ, ಕೆಲವು ಕಡಿಮೆ. ಗುಟ್ಟಿನ ಬರಹದಲ್ಲಿ ಯಾವ ಗುರುತು ಹೆಚ್ಚು ಬಂದಿದೆ ಎಂದು ಎಣಿಸು. ಆ ಭಾಷೆಯಲ್ಲಿ ಹೆಚ್ಚು ಬರುವ ಅಕ್ಷರದ ಜೊತೆ ಹೋಲಿಸು. ಒಂದೊಂದೇ ಗಂಟು ಬಿಚ್ಚುತ್ತದೆ.

ಇದನ್ನು ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ಯಾಕೆಂದರೆ ಈ ವಿದ್ಯೆ ಹಳೇ ಪ್ರೆಸ್ಸಿನ ಪ್ರತಿಯೊಬ್ಬ ಕಂಪೋಸಿಟರನಿಗೂ ಗೊತ್ತಿತ್ತು! ಸೀಸದ ಅಚ್ಚುಮೊಳೆಗಳನ್ನು ಇಡುವ ಮರದ ಕೇಸನ್ನು ನೀವು ನೋಡಿರಲಿಕ್ಕಿಲ್ಲ. ಅದರಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಗೂಡು ಇರುವುದಿಲ್ಲ. ‘ದ’, ‘ರ’, ‘ನ’, ‘ಲ’ಗಳಿಗೆ ಕೈಗೆಟುಕುವಲ್ಲಿ ದೊಡ್ಡ ಗೂಡು. ‘ಝ’, ‘ಙ’ಗಳಿಗೆ ಮೂಲೆಯಲ್ಲಿ ಸಣ್ಣ ಗೂಡು. ಯಾವ ಮೊಳೆ ಬೇಗ ಸವೆಯುತ್ತದೆ, ಯಾವುದು ಹತ್ತು ವರ್ಷವಾದರೂ ಹೊಳೆಯುತ್ತಾ ಕೂತಿರುತ್ತದೆ ಎಂಬುದು ಕಂಪೋಸಿಟರನ ಬೆರಳಿಗೆ ಗೊತ್ತು. ಅಮೆರಿಕದಲ್ಲಿ ತಂತಿಯ ಸಂಕೇತ ಹೊಂದಿಸುವಾಗ ಮಾರ್ಸ್ ಸಾಹೇಬನ ಜೊತೆಗಾರ ಆಲ್ಫ್ರೆಡ್ ವೇಯ್ಲ್ ಮುದ್ರಣಾಲಯಕ್ಕೆ ಹೋಗಿ ಯಾವ ಅಕ್ಷರದ ಮೊಳೆ ಎಷ್ಟಿದೆ ಎಂದು ಎಣಿಸಿ, ಹೆಚ್ಚು ಬಳಕೆಯ ಅಕ್ಷರಕ್ಕೆ ಗಿಡ್ಡ ಸಂಕೇತ ಕೊಟ್ಟ ಎಂದು ಹೇಳುತ್ತಾರೆ. ಹಾಗಾಗಿ ಪ್ರೆಸ್ಸಿನವನು ಈ ವಿಷಯ ಮಾತಾಡಲು ಅರ್ಹನಲ್ಲ ಎಂದು ಯಾರೂ ಹೇಳುವಂತಿಲ್ಲ!

ಇನ್ನು ಗುಟ್ಟಿನ ಬರಹ ನಮ್ಮಲ್ಲಿ ಇರಲಿಲ್ಲವೆ? ಬೇಕಾದಷ್ಟಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರು ‘ಸಂಜ್ಞಾಲಿಪಿ’ಯಲ್ಲಿ ಸುದ್ದಿ ಕಳಿಸುವ ಮಾತಿದೆ. ಕಾಮಸೂತ್ರದ 64 ಕಲೆಗಳಲ್ಲಿ ಅನ್ಯರಿಗೆ ತಿಳಿಯದಂತೆ ಬರೆಯುವುದೂ ಒಂದು ಕಲೆ. ಸಂಗೀತ ಕಲಿತವರಿಗೆ ಕಟಪಯಾದಿ ಗೊತ್ತಿರುತ್ತದೆ. ಅಕ್ಷರದೊಳಗೆ ಅಂಕಿ ಬಚ್ಚಿಡುವ ಲೆಕ್ಕ ಅದು. ‘ಮೇಚಕಲ್ಯಾಣಿ’ಯಲ್ಲಿ ‘ಮ’ ಎಂದರೆ 5, ‘ಚ’ ಎಂದರೆ 6. ತಿರುಗಿಸಿ ಓದಿದರೆ 65. ಮೇಳಕರ್ತ ರಾಗಗಳಲ್ಲಿ ಕಲ್ಯಾಣಿ 65ನೆಯದು! ಹೆಸರೇ ಬೀಗ, ಹೆಸರೇ ಕೀಲಿಕೈ.

ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ತೆಗೆದುಕೊಳ್ಳಿ. ಮೇಲೆ ಓದಿದರೆ ಅಸಂಬದ್ಧ, ಒಳಗೆ ಹೊಕ್ಕರೆ ಬೇರೆಯೇ ಲೋಕ. ಆ ಬೆಡಗನ್ನು ಬಿಡಿಸಲೆಂದೇ ಟೀಕೆಗಳು ಹುಟ್ಟಿದವು. ಉತ್ತರ ಕರ್ನಾಟಕದಲ್ಲಿ ಹೆಂಗಸರು ಗಂಡನ ಹೆಸರನ್ನು ಸಾಲುಗಳ ನಡುವೆ ಅಡಗಿಸಿ ‘ಒಡಪು’ ಹೇಳುತ್ತಾರೆ. ಒಡಪು ಎಂದರೆ ಒಗಟು ಎಂದೂ ಅರ್ಥ. ಆ ಪದದಲ್ಲೇ ಒಡೆಯುವುದು ಇದೆ. ಇಂಗ್ಲಿಷಿನವರು ಕೋಡನ್ನು ‘ಬ್ರೇಕ್’ ಮಾಡುತ್ತೇವೆ ಎಂದು ಹೆಮ್ಮೆಪಡುತ್ತಾರೆ. ನಮ್ಮ ಹಳ್ಳಿಯ ಹೆಂಗಸು ಯಾವ ಕಾಲದಿಂದಲೂ ಒಡೆಯುತ್ತಲೇ ಬಂದಿದ್ದಾಳೆ.

‘ಸಿರಿಭೂವಲಯ’ದ ಹೆಸರು ನೀವು ಕೇಳಿರುತ್ತೀರಿ. ಕುಮುದೇಂದು ಮುನಿ ಬರೆದದ್ದೆನ್ನುವ ಆ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. ಅಡ್ಡ 27, ಉದ್ದ 27 ಮನೆಗಳ ಚಕ್ರಗಳು. ಒಂದು ಚಕ್ರಕ್ಕೆ 729 ಮನೆ. ಮನೆಯೊಳಗೆ 1ರಿಂದ 64ರವರೆಗಿನ ಅಂಕಿಗಳು. ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಗೊತ್ತಾದ ದಾರಿಯಲ್ಲಿ ನಡೆದರೆ ಕನ್ನಡ ಸಾಂಗತ್ಯ ಹೊರಡುತ್ತದೆ. ಯಲ್ಲಪ್ಪ ಶಾಸ್ತ್ರಿಗಳು, ಕರ್ಲಮಂಗಲಂ ಶ್ರೀಕಂಠಯ್ಯನವರು ಕೂತು ಬಿಡಿಸಿದ್ದರ ಫಲವಾಗಿ 1953ರಲ್ಲಿ ಅದು ಅಚ್ಚಾಯಿತು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದರೊಳಗೆ 718 ಭಾಷೆಗಳಿವೆ ಎನ್ನುವುದು ಸಾಬೀತಾದ ಮಾತಲ್ಲ. ಅದನ್ನು ಹಿಡಿದು ಹಾರಾಡಬೇಡಿ. ಹಾರಾಡಿದರೆ ನಗುವವರಿಗೆ ಸಲುಗೆ ಕೊಟ್ಟಂತೆ. ಆದರೆ ಕನ್ನಡವನ್ನು ಅಂಕಿಗಳಲ್ಲಿ ಕಟ್ಟಬಹುದು, ಅಂಕಿಗಳಿಂದ ಮತ್ತೆ ಕನ್ನಡವನ್ನು ಬಿಡಿಸಬಹುದು ಎಂಬುದು ನಮ್ಮವರ ತಲೆಗೆ ಹೊಳೆದಿತ್ತು. ಅಷ್ಟನ್ನು ನೆನಪಿಡಿ. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ಮುಖ್ಯ ಮಾತು. ಓದಲಾಗದ ಬರಹ ಎರಡು ಬಗೆ. ಒಂದು, ಯಾರೋ ಬೇಕೆಂದೇ ಬೀಗ ಹಾಕಿದ್ದು. ಇನ್ನೊಂದು, ಯಾರೂ ಬೀಗ ಹಾಕದೆ, ಓದುವವರು ಇಲ್ಲವಾದ್ದರಿಂದ ತಾನಾಗಿ ಬೀಗ ಬಿದ್ದದ್ದು. ಮೊದಲನೆಯದು ಗುಟ್ಟು. ಎರಡನೆಯದು ಅನಾಥ.

ಅಶೋಕ ತನ್ನ ಮಾತನ್ನು ಬಂಡೆಯ ಮೇಲೆ ಕೊರೆಸಿದ್ದು ಗುಟ್ಟಿಗಲ್ಲ, ಎಲ್ಲರೂ ಓದಲಿ ಎಂದು. ಆದರೆ ಬ್ರಾಹ್ಮಿ ಲಿಪಿ ಓದುವವರು ಇಲ್ಲವಾದರು. ಶತಮಾನಗಳ ಕಾಲ ಆ ಬಂಡೆಗಳ ಮುಂದೆ ದನ ಮೇಯಿಸಿದರೇ ಹೊರತು ಯಾರಿಗೂ ಅದು ಏನೆಂದು ತಿಳಿಯಲಿಲ್ಲ. 1837ರಲ್ಲಿ ಕಲ್ಕತ್ತೆಯ ಟಂಕಸಾಲೆಯ ಅಧಿಕಾರಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದ. ಸಾಂಚಿಯ ಸಣ್ಣ ಸಣ್ಣ ಬರಹಗಳೆಲ್ಲ ಒಂದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ಜನ ದೇವಸ್ಥಾನಕ್ಕೆ ಏನಾದರೂ ಕೊಟ್ಟರೆ ಏನು ಬರೆಸುತ್ತಾರೆ ಎಂದು ಯೋಚಿಸಿದ. ‘ದಾನಂ’! ಕೊನೆಯಲ್ಲಿದ್ದ ಆ ಚುಕ್ಕೆ ನಮ್ಮ ಸೊನ್ನೆಯ ಮುತ್ತಜ್ಜ. ನೋಡಿ, ಸೊನ್ನೆ ಇಲ್ಲೂ ಕೀಲಿಕೈಗೆ ನೆರವಾಯಿತು.

ಅದೇ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು ಬಿ. ಎಲ್. ರೈಸ್. ಮುಂದೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನ ಸಂಪುಟಗಳನ್ನು ತಂದ ಮಹಾನುಭಾವ. ಅದರ ಮೊದಲ ಸಂಪುಟ ಯಾವ ಜಿಲ್ಲೆಯದು ಗೊತ್ತೆ? ನಮ್ಮ ಕೊಡಗಿನದು! 1886ರಲ್ಲಿ ಬಂತು. ಮಡಿಕೇರಿಯ ತಾಮ್ರಪಟ, ಬಿಳಿಯೂರು, ಪೆಗ್ಗೂರುಗಳ ಸಾವಿರ ವರ್ಷ ಹಳೆಯ ಕಲ್ಲುಗಳು ಅದರಲ್ಲಿವೆ. 1892ರಲ್ಲಿ ಅವರೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಕಂಡುಹಿಡಿದರು. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ತನ್ನ ಕಸುಬಿನ ಹೆಸರನ್ನು ಮಾತ್ರ ಅವನು ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಪ್ರೆಸ್ಸಿನವನಾದ ನನಗೆ ಅವನು ನಮ್ಮ ಕಸುಬಿನ ಹಿರಿಯಣ್ಣನಂತೆ ಕಾಣುತ್ತಾನೆ. ಮುಂದೆ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಬಂಡೆಗಳ ಮೇಲೆ ಓದಿದ್ದ ‘ದೇವಾನಾಂಪ್ರಿಯ’ ಅವನೇ ಎಂದು ಗಟ್ಟಿಯಾದದ್ದು ಕರ್ನಾಟಕದ ಕಲ್ಲಿನಿಂದ!

ಬೆಂಗಳೂರಿನ ಗೆಳೆಯರೆ, ನಿಮ್ಮ ಊರಿನ ಹೆಸರು ಕೆಂಪೇಗೌಡರಿಗಿಂತ ನೂರಾರು ವರ್ಷ ಹಿಂದಿನದು ಎಂದು ಹೇಳುವುದೂ ಒಂದು ಕಲ್ಲೇ. ಬೇಗೂರಿನ ನಾಗೇಶ್ವರ ಗುಡಿಯಲ್ಲಿದೆ. ಸುಮಾರು ಕ್ರಿ.ಶ. 890ರದು. ಅದರಲ್ಲಿ ‘ಬೆಂಗಳೂರು ಕಾಳಗ’ದ ಮಾತಿದೆ. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ. ಮೂವರು. ಇರಲಿ, ಮೂವರಾದರೂ ಇದ್ದೀರಿ!

‘ಅದೆಲ್ಲ ಸಾವಿರ ವರ್ಷದ ಮಾತು, ಅಷ್ಟು ಕಾಲವಾದರೆ ಬೀಗ ಬೀಳುವುದು ಸಹಜ’ ಎನ್ನುತ್ತೀರಿ. ತಪ್ಪು. ಬೀಗ ಬೀಳಲು ಹದಿನೈದು ವರ್ಷ ಸಾಕು. ನನ್ನ ಪ್ರೆಸ್ಸಿನಲ್ಲೇ ಬಿತ್ತು.

2000ದಲ್ಲಿ ಸಾಲ ಮಾಡಿ ಕಂಪ್ಯೂಟರ್ ತಂದೆ. ಆಗಿನ ಕನ್ನಡ ಫಾಂಟುಗಳ ಗುಟ್ಟು ನಿಮ್ಮ ವಯಸ್ಸಿನವರಿಗೆ ತಿಳಿಯದು. ಕಂಪ್ಯೂಟರಿನ ಒಳಗೆ ಕನ್ನಡ ಇರಲೇ ಇಲ್ಲ! ಇಂಗ್ಲಿಷ್ ಅಕ್ಷರದ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಬಾಡಿಗೆಗೆ ಕೂರಿಸಿದ್ದರು. ಫಾಂಟು ಇದ್ದರೆ ಕನ್ನಡ. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ಬಣ್ಣ ಬಯಲು. ಹೆಚ್ಚು ಬಳಕೆಯಲ್ಲಿದ್ದ ಒಂದು ಕ್ರಮದಲ್ಲಿ ‘ಕನ್ನಡ’ ಎಂಬ ಮೂರಕ್ಷರ ಹೀಗೆ ಕಾಣುತ್ತಿತ್ತು: ಒಂದು ಇಂಗ್ಲಿಷ್ ‘ಪಿ’, ತಲೆಯ ಮೇಲೆ ಗೀಟು ಹೊತ್ತ ಒಂದು ‘ಎ’, ಆಮೇಲೆ ‘ನ’ಕಾರದ ಜಾಗದಲ್ಲಿ ಬ್ರಿಟಿಷರ ಪೌಂಡಿನ ಗುರುತು! ಕನ್ನಡದ ನಟ್ಟನಡುವೆ ಪೌಂಡು! ಸಾಲದ್ದಕ್ಕೆ ಒಬ್ಬೊಬ್ಬರ ತಂತ್ರಾಂಶಕ್ಕೆ ಒಂದೊಂದು ಕ್ರಮ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಗುಪ್ತಲಿಪಿ.

2002ರಲ್ಲಿ ನಮ್ಮ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಕೈಬರಹದ ಒಂದು ಕಟ್ಟು ತಂದುಕೊಟ್ಟರು. ತೋಟದ ಲೈನ್‌ಮನೆಗಳಲ್ಲಿ ಜನ ಬಳಸುವ ಕನ್ನಡ ಪದಗಳನ್ನು ಅವರು ಇಪ್ಪತ್ತು ವರ್ಷ ಕೂಡಿಸಿದ್ದರು. ಕಸಿ, ಕೊಯ್ಲು, ಮಳೆಯ ಬಗೆಗಳು, ಆನೆಗೆ ಹೆಸರೆತ್ತದೆ ಹೇಳುವ ಮಾತುಗಳು. ನಾನು 60 ಪುಟ ಕಂಪೋಸ್ ಮಾಡಿದೆ. ಕರಡು ತಿದ್ದಿದರು. ಅಚ್ಚಿಗೆ ಹಣ ಹೊಂದಲಿಲ್ಲ. ‘ಮುಂದಿನ ವರ್ಷ ನೋಡೋಣ’ ಎಂದರು. ಸಿ.ಡಿ.ಗೆ ಹಾಕಿ ಇಟ್ಟೆ. 2009ರಲ್ಲಿ ಮೇಷ್ಟ್ರು ತೀರಿಕೊಂಡರು. 2016ರಲ್ಲಿ ಅವರ ಮಗಳು ಬಂದು ‘ಅಣ್ಣಾ, ಅಪ್ಪನ ಪುಸ್ತಕ ಮಾಡಿಸೋಣ’ ಎಂದರು. ಸಿ.ಡಿ. ಹಾಕಿದೆ. ಪರದೆಯ ತುಂಬ ಕಸ! ಆ ತಂತ್ರಾಂಶ ಹಳೇ ಕಂಪ್ಯೂಟರಿನ ಜೊತೆಗೇ ಸತ್ತಿತ್ತು. ಕೈಬರಹದ ಹಾಳೆಗಳನ್ನು? ಮಳೆಗಾಲದಲ್ಲಿ ಗೆದ್ದಲು ಹಿಡಿಯಿತೆಂದು ನಾನೇ ಸುಟ್ಟಿದ್ದೆ.

ಆ ಹೆಣ್ಣುಮಗಳ ಮುಂದೆ ತಲೆ ಎತ್ತಲಾಗಲಿಲ್ಲ. ಬೈಯಲಿಲ್ಲ ಆಕೆ. ಬೈದಿದ್ದರೆ ಚೆನ್ನಾಗಿತ್ತು.

ಬಳಕೆಯ ಪರಿವರ್ತಕಗಳೆಲ್ಲ ಆ ಫಾಂಟಿಗೆ ಕೆಲಸ ಮಾಡಲಿಲ್ಲ. ಆಗ ಕಾಗದ ಪೆನ್ನು ಹಿಡಿದು ಕೂತೆ. ಕಸದಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಗುರುತು ಯಾವುದು? ಎಣಿಸಿದೆ. ಅದು ತಲೆಕಟ್ಟು ಇರಲೇಬೇಕು. ಎರಡನೆಯದು? ಹಳೇ ಮೊಳೆಯ ಕೇಸನ್ನು ನೆನೆಸಿಕೊಂಡೆ. ದೊಡ್ಡ ಗೂಡಿನ ಅಕ್ಷರಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಮೊದಲ ಪುಟದ ಮೇಲೆ ಮೇಷ್ಟ್ರ ಹೆಸರಿರುತ್ತದೆಂದು ಗೊತ್ತಿತ್ತು. ಅದರಿಂದ ನಾಲ್ಕು ಅಕ್ಷರ ಸಿಕ್ಕವು. ಹಗಲು ಬಿಲ್ ಪುಸ್ತಕ, ರಾತ್ರಿ ಇದು. ಎರಡು ತಿಂಗಳು ಹಿಡಿಯಿತು. 60ರಲ್ಲಿ 48 ಪುಟ ಮರಳಿ ಬಂತು. ಉಳಿದ 12 ಪುಟ ಸಿ.ಡಿ.ಯೇ ಕೆಟ್ಟು ಹೋಗಿತ್ತು, ಹೋಯಿತು. ಅಲ್ ಕಿಂದಿ ಯಾರೆಂದು ಆಗ ನನಗೆ ತಿಳಿದಿರಲಿಲ್ಲ. ಆಮೇಲೆ ತಿಳಿದಾಗ ಮನಸ್ಸಿನಲ್ಲೇ ಕೈಮುಗಿದೆ.

ಈಗ ಯೂನಿಕೋಡ್ ಇದೆ. 1991ರ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಮನೆಗಳಿವೆ. 3200ರಿಂದ 3327ರವರೆಗೆ 128 ಸೈಟು! ‘ಕ’ ಅಕ್ಷರದ ಮನೆ ನಂಬರ್ 3221. ಅನುಸ್ವಾರದ ಸೊನ್ನೆ 3202ರಲ್ಲಿ, ಅಂಕಿಯ ಸೊನ್ನೆ 3302ರಲ್ಲಿ. ಸಿರಿಭೂವಲಯದವನು ಅಂಕಿಯಲ್ಲಿ ಕನ್ನಡ ಕಟ್ಟಿದ ಎಂದೆನಲ್ಲ, ನೀವು ಫೋನಿನಲ್ಲಿ ಕಳಿಸುವ ಪ್ರತಿ ಕನ್ನಡ ಮಾತೂ ಒಳಗೆ ಅಂಕಿಯೇ! ವ್ಯತ್ಯಾಸ ಒಂದೇ, ಈ ಅಂಕಿಗಳು ಲೋಕಕ್ಕೆಲ್ಲ ಒಂದೇ. ಬೀಗಕ್ಕೆ ಕೀಲಿಕೈ ಎಲ್ಲರ ಹತ್ತಿರ ಇದೆ.

ಆದರೆ ಆ ಮನೆಗಳಲ್ಲಿ ವಾಸ ಮಾಡುವವರು ಯಾರು? ನೀವು ಗೆಳೆಯರಿಗೆ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತೀರಿ. ‘ಬಂದೆ’ಯೋ ‘ಬಂಡೆ’ಯೋ, ‘ಹಲ್ಲಿ’ಯೋ ‘ಹಳ್ಳಿ’ಯೋ ಓದುವವನು ಊಹೆ ಮಾಡಬೇಕು. ಸ್ವಂತ ಮನೆಗೆ ಬೀಗ ಜಡಿದು ಪಕ್ಕದವರ ಜಗಲಿಯಲ್ಲಿ ಮಲಗಿದ ಹಾಗೆ! ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುವುದಿಲ್ಲ. ಅನ್ನ ಕೊಡುವ ಭಾಷೆಯನ್ನು ಬೈಯುವವನು ನಾನಲ್ಲ. ನಮ್ಮ ಕೊಡಗಿನಲ್ಲಿ ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವರ ಮಾತು ಎಲ್ಲವೂ ಇವೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ತಂದಾಗ ಭಾಷೆ ಕೊಡವ, ಲಿಪಿ ಕನ್ನಡ. ಕನ್ನಡದ ಅಕ್ಷರ ಓದಲು ಬಾರದೆ ಹೋದರೆ ಕನ್ನಡ ಮಾತ್ರವಲ್ಲ, ಅದರ ಆಸರೆಯಲ್ಲಿ ಬರಹಕ್ಕಿಳಿದ ಅಕ್ಕತಂಗಿ ಭಾಷೆಗಳ ಬಾಗಿಲಿಗೂ ಬೀಗ ಬೀಳುತ್ತದೆ. ಈ ಜವಾಬ್ದಾರಿ ನಮ್ಮದು.

ಆ ಬೆಂಗಳೂರಿನ ಹುಡುಗನ ಕಥೆ ಮುಗಿಸುತ್ತೇನೆ. ಕಾಗದಗಳನ್ನು ನಾನು ಓದಿ ಹೇಳಲಿಲ್ಲ. ‘ಎರಡು ದಿನ ಇಲ್ಲೇ ಇರು, ನೀನೇ ಓದು’ ಅಂದೆ. ಅಜ್ಜನ ‘ತ್ತ’ ಹೇಗಿದೆ, ಒತ್ತು ಹೇಗೆ ಎಳೆಯುತ್ತಾರೆ, ಸಾಲಿನ ಕೊನೆಗೆ ಅಕ್ಷರ ಹೇಗೆ ಕುಗ್ಗಿಸುತ್ತಾರೆ ಎಂದು ತೋರಿಸಿಕೊಟ್ಟೆ. ಮೊದಲ ಕಾಗದಕ್ಕೆ ಮೂರು ಗಂಟೆ. ಎಂಟನೆಯದಕ್ಕೆ ಹತ್ತು ನಿಮಿಷ. ಹೂಮಳೆ ಬಂತು, ತೋಟವೆಲ್ಲ ಬಿಳುಪು. 25 ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ. ಮಗುವಿನ ಕೆಮ್ಮು ಹೇಗಿದೆ? ಇಂಥವೇ ಮಾತು.

ಪ್ರತಿ ಕಾಗದದ ಬುಡದಲ್ಲಿ ಒಂದಷ್ಟು ಸೊನ್ನೆಗಳಿದ್ದವು. ಒಂದರಲ್ಲಿ ಐದು, ಮುಂದಿನದರಲ್ಲಿ ನಾಲ್ಕು. ನನಗೂ ತಿಳಿಯಲಿಲ್ಲ. ಹುಡುಗ ಎಲ್ಲ ಕಾಗದಗಳನ್ನೂ ತಾರೀಖಿನಂತೆ ನೆಲದ ಮೇಲೆ ಜೋಡಿಸಿದ. ಸುಮ್ಮನೆ ಕೂತ. ಆಮೇಲೆ ಮೆಲ್ಲಗೆ ಹೇಳಿದ: ‘ಅಂಕಲ್, ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಊರಿನ ಮೇಷ್ಟ್ರು ಎಲ್ಲರೆದುರು ಓದಿ ಹೇಳುತ್ತಿದ್ದರಂತೆ. ಈ ಸೊನ್ನೆಗಳು ಅಜ್ಜಿಗೆ ಮಾತ್ರ. ಅಜ್ಜ ಊರಿಗೆ ಬರಲು ಇನ್ನು ಎಷ್ಟು ತಿಂಗಳು ಎಂದು.’

ಒಂದು ಸೊನ್ನೆಯ ಕಾಗದದ ನಂತರ ಪ್ರತಿ ವರ್ಷವೂ ಎರಡು ತಿಂಗಳು ಕಾಗದವಿಲ್ಲ. ಅಜ್ಜ ಮನೆಯಲ್ಲಿದ್ದರು.

ಅವನು ಅಳಲಿಲ್ಲ. ನಾನು ಹೊರಗೆ ಹೋಗಿ ಕಾಫಿ ತರಿಸಿದೆ. ಫೋನಿನ ಕ್ಯಾಮೆರಾ ಹಿಡಿದರೆ ಯಂತ್ರವೂ ನಾಳೆ ಈ ಕಾಗದ ಓದಬಹುದು. ಆದರೆ ಆ ಸೊನ್ನೆ ಏನೆಂದು ಕೇಳಬೇಕೆಂದು ಅದಕ್ಕೆ ಅನ್ನಿಸಬೇಕಲ್ಲ? ಮೊಮ್ಮಗನಿಗೆ ಅನ್ನಿಸಿತು. ಹೊರಡುವಾಗ ಕೇಳಿದ, ‘ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂಕಲ್?’

ಆಗ ನನ್ನ ಬಾಯಿಗೆ ಬಂದ ಪದ ಯಾವ ನಿಘಂಟಿನದೂ ಅಲ್ಲ. ‘ಬಿಡಿಸುವುದು’ ಅಂದೆ. ನಮ್ಮ ಮನೆಯಲ್ಲಿ ಹಲಸಿನ ತೊಳೆ ಬಿಡಿಸುತ್ತೇವೆ. ಗಿಡದಿಂದ ಹೂ ಬಿಡಿಸುತ್ತೇವೆ. ಕೂದಲಿನ ಸಿಕ್ಕು ಬಿಡಿಸುತ್ತೇವೆ. ಲೆಕ್ಕ, ಒಗಟು, ಜಗಳ ಎಲ್ಲ ಬಿಡಿಸುತ್ತೇವೆ. ಅರ್ಥವಾಗದ್ದನ್ನು ಬಿಡಿಸಿ ಹೇಳುತ್ತೇವೆ. ಅಂಗಳದಲ್ಲಿ ರಂಗೋಲಿ ಬಿಡಿಸುತ್ತೇವೆ. ಪತ್ರಿಕೆಯವರಿಗೆ, ಪಠ್ಯಪುಸ್ತಕದವರಿಗೆ ‘ಡಿಕೋಡ್’, ‘ಡಿಸೈಫರ್’ ಯಾಕೆ ಬೇಕು? ‘ಗೂಢಲಿಪಿ ಬಿಡಿಸಿದರು’ ಎಂದರೆ ಕುರಿ ಕಾಯುವವನಿಗೂ ತಿಳಿಯುತ್ತದೆ, ವಿಜ್ಞಾನಿಗೂ ತಿಳಿಯುತ್ತದೆ. ಅರಬರು ತಮ್ಮ ‘ಖಾಲಿ’ಯನ್ನೇ ಹುಡುಕಿ ಇಟ್ಟರಲ್ಲ, ನಾವು ನಮ್ಮ ‘ಬಿಡಿಸು’ವನ್ನು ಇಡಲು ಯಾರ ಅಪ್ಪಣೆ ಬೇಕು?

‘ಬಿಡಿಸು’ವಿಗೆ ಇನ್ನೂ ಒಂದು ಅರ್ಥವಿದೆ. ಅಡವಿಟ್ಟ ಒಡವೆಯನ್ನು ಬಿಡಿಸಿಕೊಳ್ಳುವುದು. ನಿಮ್ಮ ಅಜ್ಜಿಯ ಟ್ರಂಕಿನಲ್ಲಿ, ಅಪ್ಪನ ಹಳೇ ಸಿ.ಡಿ.ಯಲ್ಲಿ, ಬಡಾವಣೆಯ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಬಿದ್ದಿರುವ ಶಾಸನದಲ್ಲಿ ನಿಮ್ಮ ಒಡವೆ ಅಡವಿದೆ. ಬಡ್ಡಿ ಬೆಳೆಯುತ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದಾರೆ. ಹೋಗಿ ನೋಡಿ, ಕಲಿಯಿರಿ. ಅದು ದೂರವೆನಿಸಿದರೆ ಈ ಭಾನುವಾರ ಮನೆಯಲ್ಲೇ ಒಂದು ಕೆಲಸ ಮಾಡಿ. ಹಿರಿಯರ ಕೈಬರಹದ ಒಂದೇ ಒಂದು ಪುಟ ಹುಡುಕಿ, ಬಿಡಿಸಿ ಓದಿ, ಯೂನಿಕೋಡ್ ಕನ್ನಡದಲ್ಲಿ ಕುಟ್ಟಿಡಿ. ಕೈಬರಹವನ್ನು ಮಾತ್ರ ಸುಡಬೇಡಿ. ಆ ತಪ್ಪು ನಾನು ಮಾಡಿಯಾಗಿದೆ, ಇನ್ನೊಬ್ಬರು ಮಾಡುವುದು ಬೇಡ.

ಮೇಷ್ಟ್ರ 48 ಪುಟ ಅಚ್ಚಾಗಿದೆ. ಹೊರಗೆ ಮೇಜಿನ ಮೇಲೆ ಇಟ್ಟಿದ್ದೇನೆ. ಹಣ ಬೇಡ, ತೆಗೆದುಕೊಂಡು ಹೋಗಿ. ಕೊನೆಯಲ್ಲಿ 12 ಪುಟ ಖಾಲಿ ಬಿಟ್ಟಿದ್ದೇನೆ. ನಿಮ್ಮೂರಿನ, ನಿಮ್ಮ ಅಜ್ಜಿಯ ಪದಗಳನ್ನು ಅಲ್ಲಿ ಬರೆದುಕೊಳ್ಳಿ.

ಸಿರಿಗನ್ನಡಂ ಗೆಲ್ಗೆ!